ಹದಿಮೂರನೇ ಪೋಸ್ಟರ್

ನಾನು, ವಯಸ್ಸು ನಲವತ್ತಾರು ವರ್ಷ, ವಿಮಾನ ದುರಸ್ತಿ ಹ್ಯಾಂಗರಿನ ದಾಖಲೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಗುಮಾಸ್ತೆ, ಹ್ಯಾಂಗರಿನವರೆಲ್ಲ ಕರೆಯುವುದು ಫೈಲಕ್ಕ ಎಂದು, ವಾಸ ನೌಕರರ ವಸತಿಗೃಹ, ಎರಡನೇ ಬ್ಲಾಕ್, ಮೂರನೇ ಮಹಡಿ, ಮನೆ ಸಂಖ್ಯೆ ಹನ್ನೊಂದು, ಈ ದಿನ ಬೆಳಿಗ್ಗೆ 10.15ಕ್ಕೆ ಠಾಣೆಗೆ ಖುದ್ದಾಗಿ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುವುದು ಏನೆಂದರೆ:

ಸದರಿ ಮನೆಯಲ್ಲಿ ನಾನು ಮತ್ತು ನನ್ನ ತಮ್ಮ, ವಯಸ್ಸು ಮೂವತ್ತೆಂಟು, ಇಬ್ಬರೇ ಇರುತ್ತೇವೆ. ಅವನು ಇದೇ ಹ್ಯಾಂಗರಿನಲ್ಲಿ ಮೆಕ್ಯಾನಿಕ್. ನನ್ನ ಮೇಲೆ ದೂರು ಕೊಟ್ಟಿರುವವರು ಹ್ಯಾಂಗರಿನ ಮೇಲ್ವಿಚಾರಕರು. ಎರಡು ವರ್ಷಗಳಿಂದ ಸುರಕ್ಷತಾ ವಿಭಾಗದ ಉಸ್ತುವಾರಿಯೂ ಅವರದೇ. ಉಸ್ತುವಾರಿ ಸಿಕ್ಕ ವಾರದಲ್ಲೇ ಅವರು ಕ್ಯಾಂಟೀನಿಗೆ ಹೋಗುವ ದಾರಿಯ ಗೋಡೆಗೆ ಹನ್ನೆರಡು ಪೋಸ್ಟರ್ ಅಂಟಿಸಿದರು. ಕೆಲಸದಲ್ಲಿ ಮನುಷ್ಯ ಯಾಕೆ ತಪ್ಪು ಮಾಡುತ್ತಾನೆ ಎಂಬುದು ಅವುಗಳ ವಿಷಯ. ದಣಿವು, ಅವಸರ, ಗಮನ ತಪ್ಪುವುದು, ಹೀಗೆ ಒಂದೊಂದಕ್ಕೆ ಒಂದೊಂದು. ಅಂದಿನಿಂದ ಅವರ ಹೆಸರು ಪೋಸ್ಟರ್ ಸಾಹೇಬರು. ನಾಲ್ಕನೇ ಪೋಸ್ಟರಿನಲ್ಲಿ ‘ದಣಿದಿದ್ದರೆ ಹೇಳಿ, ಯಾರೂ ಬೈಯುವುದಿಲ್ಲ’ ಎಂದು ಇರುತ್ತದೆ.

ಕಳೆದ ತಿಂಗಳ 9ರಂದು ತಮ್ಮನಿಗೆ ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗಿನ ಪಾಳಿ. ಮುಂದಿನ ಪಾಳಿಯ ಇಬ್ಬರು ಬಾರದ ಕಾರಣ ಅವನನ್ನೇ ಮುಂದುವರಿಯಲು ಹೇಳಿದರು. ಅದಕ್ಕೆ ಹಿಂದಿನ ಐದು ದಿನವೂ ಹೀಗೇ ಆಗಿತ್ತು. ಹಾಜರಿ ಪುಸ್ತಕದ ಪ್ರತಿ ಲಗತ್ತಿಸಿದ್ದೇನೆ. ಮಧ್ಯಾಹ್ನ 2.20ಕ್ಕೆ ನಾನು ಫೈಲು ಹಿಡಿದು ಆ ದಾರಿಯಲ್ಲಿ ಬರುತ್ತಿದ್ದಾಗ ತಮ್ಮನು ನಾಲ್ಕನೇ ಪೋಸ್ಟರಿನಿಂದ ಎರಡಡಿ ದೂರದಲ್ಲಿ ನಿಂತು, ಕಣ್ಣು ಎಳೀತಿದೆ ಸರ್, ಎಂಜಿನ್ ಕೆಲಸ ಬೇರೆ ಯಾರಿಗಾದ್ರೂ ಕೊಡಿ ಎಂದು ಕೇಳಿಕೊಂಡನು. ಅದಕ್ಕೆ ಸಾಹೇಬರು, ಕಣ್ಣು ಎಲ್ರಿಗೂ ಎಳೆಯುತ್ತಪ್ಪಾ, ನಿನ್ನ ನಿದ್ದೆ ಮುಗೀಲಿ ಅಂತ ವಿಮಾನ ಕಾಯುತ್ತಾ ಎಂದರು. ಜೊತೆಗಿದ್ದ ಮೂವರು ನಕ್ಕರು. ತಮ್ಮನೂ ನಕ್ಕನು.

ಎಂಜಿನ್ನಿಗೆ ಎರಡು ದೊಡ್ಡ ಕದಗಳಿದ್ದು, ಅವು ಎಂಜಿನ್ನಿನ ಕೆಳಗೆ ಕೂಡಿಕೊಳ್ಳುತ್ತವೆ. ಅಲ್ಲಿ ನಾಲ್ಕು ಕೊಂಡಿಗಳಿರುತ್ತವೆ. ಕೊಂಡಿ ಹಾಕದಿದ್ದರೂ ನಿಂತು ನೋಡುವವರಿಗೆ ಕದ ಮುಚ್ಚಿದಂತೆಯೇ ಕಾಣುತ್ತದೆ. ನೆಲದ ಮೇಲೆ ಮಲಗಿ ನೋಡಿದರೆ ಮಾತ್ರ ಗೊತ್ತಾಗುವುದು. ಆದ್ದರಿಂದ ಕೊಂಡಿ ಹಾಕಿದವರು ಒಂದು ಸಹಿ, ಇನ್ನೊಬ್ಬರು ಮಲಗಿ ನೋಡಿ ಎರಡನೇ ಸಹಿ ಮಾಡಬೇಕೆಂಬುದು ನಿಯಮ. ಎರಡನೇ ಸಹಿ ಪೋಸ್ಟರ್ ಸಾಹೇಬರದು.

ಅಂದು 3.40ಕ್ಕೆ ತಮ್ಮನು ಕದ ಮುಚ್ಚಿ ಮೊದಲ ಸಹಿ ಮಾಡಿದನು. 3.45ಕ್ಕೆ ಎರಡನೇ ಸಹಿಯೂ ಬಿತ್ತು. 5.10ಕ್ಕೆ ನೂರಹನ್ನೆರಡು ಪ್ರಯಾಣಿಕರೊಂದಿಗೆ ಹಾರಿದ ವಿಮಾನದ ಎಂಜಿನ್ ಕದ ಕಿತ್ತುಹೋಗಿ, ಹನ್ನೊಂದು ನಿಮಿಷದಲ್ಲಿ ವಿಮಾನ ವಾಪಸು ಇಳಿಯಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ.

20ರಂದು ಸಾಹೇಬರು ಬರೆದ ತನಿಖಾ ವರದಿ ಫೈಲು ಮಾಡಲು ನನ್ನ ಮೇಜಿಗೇ ಬಂತು. ಕಾರಣ ಎಂಬಲ್ಲಿ ‘ಮೆಕ್ಯಾನಿಕ್‌ನ ವೈಯಕ್ತಿಕ ನಿರ್ಲಕ್ಷ್ಯ’ ಎಂದಿತ್ತು. ತಾವು ಮಲಗಿ ನೋಡಿದಾಗ ನಾಲ್ಕೂ ಕೊಂಡಿ ಹಾಕಿಯೇ ಇದ್ದವು, ಆಮೇಲೆ ಮೆಕ್ಯಾನಿಕ್‌ ಮತ್ತೆ ತೆಗೆದಿರಬೇಕು ಎಂದೂ ಇತ್ತು. ದಣಿವಿನ ಬಗ್ಗೆ ಒಂದಕ್ಷರ ಇರಲಿಲ್ಲ. ತಮ್ಮನ ಲೈಸೆನ್ಸ್ ಅಮಾನತಾಯಿತು. ಈ ತಿಂಗಳ 24ಕ್ಕೆ ವಿಚಾರಣೆ ಇದೆ. ಅಲ್ಲಿ ಸೋತರೆ ಅವನು ಮತ್ತೆಂದೂ ವಿಮಾನ ಮುಟ್ಟುವಂತಿಲ್ಲ.

ನನಗೆ ಮೈ ಉರಿದದ್ದು ವರದಿ ಓದಿ ಅಲ್ಲ. ಅಂದು ಸಂಜೆ 7ಕ್ಕೆ ನಾನು ಒಗೆದ ಬಟ್ಟೆ ಮಡಚುತ್ತಿದ್ದಾಗ ತಮ್ಮನು ಬಂದು, ನಾನೇ ಮತ್ತೆ ತೆಗೆದ್ನೇನೋ ಅಕ್ಕಾ, ಸಾಹೇಬ್ರು ಸುಳ್ಳು ಬರೀತಾರಾ, ನಂಗೆ ನೆನಪೇ ಆಗ್ತಿಲ್ಲ ಎಂದನು. ಅನಂತರ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದನು, ತೆಗೆದನು, ಮತ್ತೆ ಹಾಕಿದನು. ಹದಿನಾಲ್ಕು ಸಲ. ನಾನು ಎಣಿಸಿದ್ದೇನೆ. ಇವನಿಗೆ ಇವನ ಕೈಯ ಮೇಲೇ ನಂಬಿಕೆ ಹೋಗುವಂತೆ ಮಾಡಿದವರನ್ನು ಸುಮ್ಮನೆ ಬಿಡಬಾರದೆಂದು ಆಗಲೇ ತೀರ್ಮಾನಿಸಿದೆ.

ಈ ತಿಂಗಳ 1ರಂದು ಹ್ಯಾಂಗರಿನೊಳಗೆ ವಿಮಾನ ನಿಲ್ಲಿಸುವ ಮೂರನೇ ಅಂಕಣದಲ್ಲಿದ್ದ ವಿಮಾನದ ಬಲಗಡೆಯ ಎಂಜಿನ್ ಕಳಚಿ, ದೊಡ್ಡ ದುರಸ್ತಿಗಾಗಿ ಲಾರಿಯಲ್ಲಿ ಬೇರೆ ಊರಿಗೆ ಕಳಿಸಿದರು. ಸಾಗಣೆ ಚೀಟಿ ಫೈಲು ಮಾಡಿದವಳು ನಾನೇ. ಅಂದಿನಿಂದ ಆ ರೆಕ್ಕೆಯ ಕೆಳಗೆ ಏನೂ ಇಲ್ಲ. ಸಾಹೇಬರ ಕುರ್ಚಿಯಿಂದ ಆ ರೆಕ್ಕೆಗೆ ನಲವತ್ತು ಮೀಟರ್. ನಡುವೆ ಗಾಜಿನ ಕಿಟಕಿ ಬಿಟ್ಟರೆ ಅಡ್ಡ ಏನೂ ಇಲ್ಲ.

12ರಂದು ಬೆಳಿಗ್ಗೆ 11.20ಕ್ಕೆ ನಾನು ಒಂದು ತಪಾಸಣಾ ಹಾಳೆ ಟೈಪು ಮಾಡಿದೆ. ಮೂರನೇ ಅಂಕಣ, ಬಲ ಎಂಜಿನ್, ಕದದ ನಾಲ್ಕು ಕೊಂಡಿಗಳು. ಮೊದಲ ಸಹಿಯ ಜಾಗದಲ್ಲಿ ನನ್ನದೇ ಸಹಿ ಮಾಡಿ, ಕೆಳಗೆ ‘ಗುಮಾಸ್ತೆ, ದಾಖಲೆ ವಿಭಾಗ’ ಎಂದು ಸ್ಪಷ್ಟವಾಗಿ ಬರೆದೆ. ಯಾರ ಸಹಿಯನ್ನೂ ನಕಲು ಮಾಡಿರುವುದಿಲ್ಲ. 11.40ಕ್ಕೆ ಹದಿನೇಳು ಹಾಳೆಗಳ ನಡುವೆ ಅದನ್ನಿಟ್ಟು ಸಾಹೇಬರ ಕೋಣೆಗೆ ಒಯ್ದೆ. ಅವರು ಫೋನಿನಲ್ಲಿ ಹೊಸ ಪೋಸ್ಟರುಗಳ ಅಳತೆ ಹೇಳುತ್ತಿದ್ದರು. ಫೋನು ಹೆಗಲಲ್ಲಿ ಒತ್ತಿಕೊಂಡೇ ಎಲ್ಲಕ್ಕೂ ಸಹಿ ಹಾಕಿದರು. ಗೋಡೆ ಗಡಿಯಾರದಲ್ಲಿ ಎರಡು ನಿಮಿಷವೂ ಆಗಿರಲಿಲ್ಲ. ನನ್ನ ಹಾಳೆಯಲ್ಲಿ ಸ್ವಂತ ಅಕ್ಷರದಲ್ಲಿ ‘ಮಲಗಿ ನೋಡಿದೆ, ನಾಲ್ಕೂ ಸರಿಯಿವೆ, 10.55’ ಎಂದು ಬರೆದರು. ಇನ್ನೇನಾದ್ರೂ ಇದ್ಯಾ ಫೈಲಕ್ಕ ಎಂದು ಕೇಳಿದರು. ಇಷ್ಟು ಸಾಕು ಸರ್ ಎಂದೆ. ಆ ಹಾಳೆಯನ್ನು ವಿಮಾನದ ಫೈಲಿಗೆ ಸೇರಿಸಿರುವುದಿಲ್ಲ. ಮೂಲ ಪ್ರತಿಯನ್ನು, ಎಂಜಿನ್ ಸಾಗಣೆ ಚೀಟಿಯ ಪ್ರತಿಯೊಂದಿಗೆ, 2.05ಕ್ಕೆ ವಿಚಾರಣಾ ಮಂಡಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ರಸೀದಿ ಲಗತ್ತಿಸಿದ್ದೇನೆ.

ನಿನ್ನೆ 13ರಂದು ಮಧ್ಯಾಹ್ನ 12.50ಕ್ಕೆ ಅದೇ ಹಾಳೆಯ ನಕಲನ್ನು ಪೋಸ್ಟರಿನ ಅಳತೆಗೆ ದೊಡ್ಡದು ಮಾಡಿಸಿ ಹನ್ನೆರಡನೇ ಪೋಸ್ಟರಿನ ಪಕ್ಕದಲ್ಲಿ ಅಂಟಿಸಿದೆ. ಊಟದ ಹೊತ್ತಿಗೆ ಎಪ್ಪತ್ತು ಜನ ಸೇರಿದರು. ವಿಮಾನಕ್ಕೆ ಬಣ್ಣ ಬಳಿಯುವವರು ನಗು ತಡೆಯಲಾರದೆ ನೆಲದ ಮೇಲೆ ಕೂತರು. ಪೋಸ್ಟರ್ ಸಾಹೇಬರು ಮಲಗಿ ನೋಡಿದ್ರಂತೆ, ಮಲಗಿ ಕನಸು ಕಂಡಿರ್ಬೇಕು ಎಂದು ಯಾರೋ ಕೂಗಿದರು. 1.15ಕ್ಕೆ ಸಾಹೇಬರು ಬಂದು ಓದಿದರು. ಎರಡು ಸಲ ಓದಿದರು. ಆಮೇಲೆ ಬಾಗಿಲ ಬಳಿ ಹೋಗಿ ಮೂರನೇ ಅಂಕಣದ ಕಡೆ ನೋಡಿದರು. ನನ್ನ ಹೊಟ್ಟೆ ತಣ್ಣಗಾಯಿತು.

1.30ಕ್ಕೆ ಅವರು ನನ್ನ ಮೇಜಿನ ಹತ್ತಿರ ಬಂದು, ಒಂದು ವಾರದಿಂದ ಸರಿಯಾಗಿ ನಿದ್ದೆಯಿಲ್ಲ ಫೈಲಕ್ಕ, ಮೇಲಿನವರ ಒತ್ತಡ, ನಿನ್ನೆ ಫೋನು ಬೇರೆ, ಮನುಷ್ಯ ಅಂದ್ಮೇಲೆ ತಪ್ಪಾಗಲ್ವಾ ಎಂದರು. ಇದೇ ಮಾತನ್ನ ನನ್ನ ತಮ್ಮನ ವರದೀಲಿ ಬರೀಬೇಕಿತ್ತು ಸರ್ ಎಂದೆ. ಮೂಲ ಪ್ರತಿ ಕೊಟ್ಟರೆ ವರದಿ ಬದಲಿಸಿ ತಮ್ಮನನ್ನು ಸೋಮವಾರವೇ ಕೆಲಸಕ್ಕೆ ಕರೆಸುವುದಾಗಿ ಹೇಳಿದರು. ಅಂಚೆಗೆ ಹಾಕಿಯಾಗಿದೆ ಎಂದೆ. ಹಾಕಿರದಿದ್ದರೂ ಕೊಡುತ್ತಿರಲಿಲ್ಲ. 4ಕ್ಕೆ ಅವರು, ನಾನು ಸುಳ್ಳು ದಾಖಲೆ ಮಾಡಿದೆನೆಂದು ಇಲ್ಲಿ ದೂರು ಕೊಟ್ಟರು.

ಸಂಜೆ ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವನು, ಹಾಗಾದ್ರೆ ಅವತ್ತು ಕೂಡ ಅವ್ರು ನೋಡೇ ಇಲ್ಲ ಎಂದನು. ಆಮೇಲೆ, ಪಾಪ, ಅವ್ರೂ ದಣಿದಿದ್ರೇನೋ ಅಕ್ಕಾ ಎಂದನು. ನನಗೆ ಸಿಟ್ಟು ಬಂದು ಅವನೊಂದಿಗೆ ಮಾತಾಡದೆ ಊಟ ಬಡಿಸಿದೆ. ಮಲಗುವ ಮುಂಚೆ ಅವನು ಚಿಲಕ ನೋಡಿದ್ದು ಮೂರೇ ಸಲ.

ವಿಮಾನ ಸುರಕ್ಷತೆಯ ಹಿತದೃಷ್ಟಿಯಿಂದ ಹೀಗೆ ಮಾಡಿದ್ದು ಎಂದು ಬರೆದುಕೊಳ್ಳಲೇ ಎಂದು ಇನ್ಸ್‌ಪೆಕ್ಟರ್‌ ಸಾಹೇಬರು ಕೇಳಿದರು. ಬೇಡ, ಸೇಡಿಗಾಗಿ ಎಂದೇ ಬರೆಯಿರಿ ಎಂದೆ. ಪಶ್ಚಾತ್ತಾಪ ಇರುವುದಿಲ್ಲ.

ಮೇಲೆ ಬರೆಸಿದ್ದೆಲ್ಲ ನಡೆದದ್ದೇ, ಒಂದು ಮಾತೂ ಹೆಚ್ಚಿಲ್ಲ. ಮೂರು ಪುಟಗಳನ್ನೂ ನಾನೇ ಓದಿ ನೋಡಿದ್ದು, ಇಪ್ಪತ್ತೆರಡು ನಿಮಿಷ ಹಿಡಿಯಿತು. ಸಾಕ್ಷಿಯಾಗಿ ಕರೆದ ಪೇದೆಯವರು ಬಂದವರೇ ಪೆನ್ನು ತೆಗೆದು, ಎಲ್ಲಿ ಹಾಕ್ಬೇಕಮ್ಮಾ ಸಹಿ ಎಂದರು. ಮೊದಲು ಕೂತು ಓದಿ ಎಂದೆ. ಅವರು ಓದಿ ಮುಗಿಸುವವರೆಗೆ ನಾನೂ ಸಹಿ ಮಾಡುವುದಿಲ್ಲ ಎಂದು ತಿಳಿಸಿರುತ್ತೇನೆ.

ಸ್ಥಳ: ಠಾಣೆ
ದಿನಾಂಕ: 14, ಮಧ್ಯಾಹ್ನ 12.31
ಹೇಳಿಕೆದಾರಳ ಸಹಿ: (ಇದೆ)
ಸಾಕ್ಷಿಯ ಸಹಿ: (ಇದೆ) ಪೂರ್ತಿ ಓದಿದ್ದೇನೆ. 12.09ರಿಂದ 12.30.