ಸೀಟು ಹಿಡಿದು ಓಡಿದವನು

ಬೆರಳಿನೊಳಗೆ ಸೂಜಿ ಮುರಿದುಕೊಂಡು ಎಕ್ಸ್‌ರೇ ಕೋಣೆಯ ಹೊರಗೆ ಕೂತಿದ್ದ ದರ್ಜಿಗೆ, ಮುಂದಿನ ಬೆಂಚಿನ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹೆಂಡತಿಯ ತಲೆಯ ಮೇಲೆ ಇನ್ನೂ ಸೈಕಲ್ ಹೆಲ್ಮೆಟ್ಟಿತ್ತು. ಗಂಡನ ಮೊಣಕೈ ಊದಿ ಕುಂಬಳಕಾಯಿಯಾಗಿತ್ತು.

“ಗುಡ್ಡದಲ್ಲಿ ಸೈಕಲ್ ಇಳಿಸೋದು ಕಲಿಯೋಕೆ ಕ್ಯಾಂಪಿಗೆ ಸೇರಿದ್ದು ನಾನು, ಕೈ ಮುರ್ಕೊಂಡಿದ್ದು ನೀವು. ನಾಲ್ಕು ಜನಕ್ಕೆ ಏನಂತ ಹೇಳ್ಲಿ?”

“ನಿನ್ನೆಯಿಂದ ಮೇಲೇ ನಿಂತು ನಡುಗ್ತಿದ್ದೆಯಲ್ಲ, ನೋಡೋಕಾಗ್ಲಿಲ್ಲ.”

“ಅದಕ್ಕೆ ಸೀಟು ಹಿಡ್ಕೊಂಡು ಹಿಂದೆ ಓಡೋದಾ? ನಾನೇನು ಎಳೇ ಮಗುವಾ?”

“ಟೀಚರ್ ‘ಬಿಡಿ ಸಾರ್, ಬಿಡಿ’ ಅಂತ ಕೂಗಿದ್ರು. ಬಿಟ್ಟಿದ್ರೆ ನೀನು ಬೀಳ್ತಿದ್ದೆ.”

“ಬಿಡದೇ ಇದ್ದಿದ್ದಕ್ಕೆ ನೀವು ಬಿದ್ರಿ.”

“ಅದು ನಿನಗೆ ಕೆಳಗೆ ಹೋದ್ಮೇಲೆ ತಾನೇ ಗೊತ್ತಾಗಿದ್ದು?”

ಅವಳು ಹೆಲ್ಮೆಟ್ಟಿನ ಪಟ್ಟಿ ಜಗ್ಗಿದಳು.

“ಇಲ್ಲ. ಮೊದಲ್ನೇ ತಿರುವಲ್ಲೇ ದೊಪ್ಪಂತ ಕೇಳಿಸ್ತು. ಹೋಗೋ ಕಡೆ ಮಾತ್ರ ನೋಡ್ಬೇಕು, ಹಿಂದೆ ತಿರುಗಿದ್ರೆ ಬೀಳ್ತೀರ ಅಂತ ಟೀಚರ್ ಹೇಳಿದ್ರಲ್ಲ. ಜೀವ ಬಾಯಿಗೆ ಬಂತು, ಆದ್ರೂ ತಿರುಗ್ಲಿಲ್ಲ.”

“ಅಂದ್ರೆ ಅಲ್ಲಿಂದ ಕೆಳಗಿನವರೆಗೂ ನೀನೊಬ್ಬಳೇ?”

“ನಾನೊಬ್ಬಳೇ.”

ಗಂಡ ನೋವು ಮರೆತು ಹಲ್ಲು ಕಿರಿದ. “ಭಲೇ! ಹಾಗಾದ್ರೆ ಈ ಕೈ ಹೋದ್ರೂ ಹೋಗ್ಲಿ.”

“ಬಿಡ್ತು ಅನ್ನಿ!”

ಒಳಗಿನಿಂದ ಕರೆ ಬಂತು. ಅವನು ಎದ್ದವನೇ ತುಸು ತೂರಾಡಿದ.

“ಹಿಡ್ಕೋಬೇಡ, ನಾನೇ ನಡೀತೀನಿ.”

“ಬಿಟ್ಟಾಯ್ತು. ನೀವು ಮುಂದೆ ನೋಡ್ಕೊಂಡು ನಡೀರಿ.”

ಅವರು ಬಾಗಿಲು ದಾಟುವಾಗ ದರ್ಜಿ ನೋಡಿದ. ಗಂಡನ ಅಂಗಿಯ ಹಿಂಭಾಗ, ಹೊಲಿಗೆ ಬಿಚ್ಚಿಹೋಗುವಷ್ಟು ಬಿಗಿಯಾಗಿ, ಅವಳ ಮುಷ್ಟಿಯಲ್ಲಿತ್ತು.