ಮಡಚದ ಕಾಲಿಗೊಂದು ಗಾರ್ಡ್

ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಮೊಳೆ ಕೊಳ್ಳಲು ನಿಂತಿದ್ದೆ. ನನ್ನ ಮುಂದೆ ನಡುವಯಸ್ಸಿನ ಗಂಡ ಹೆಂಡತಿ. ಅವನ ಕೈಯಲ್ಲಿ ಬೈಕಿನ ಮುಂಭಾಗಕ್ಕೆ ಹಾಕುವ ಕ್ರ್ಯಾಶ್ ಗಾರ್ಡ್. ಅದರ ಬಲಬದಿಗೆ, ಹಿಂದಕ್ಕೆ ಚಾಚಿಕೊಂಡಂತೆ, ಮನೆಯಲ್ಲೇ ಕ್ಲ್ಯಾಂಪ್ ಹಾಕಿ ಬಿಗಿದ ಪೈಪಿನ ತುಂಡು. ಅವಳು ಬಲಗಾಲು ಮಡಚಲಾರದೆ ಊರುಗೋಲಿಗೆ ಒರಗಿದ್ದಳು.

“ನೀನು ಹಿಂದೆ ಕೂತು ಕಾಲು ನೀಡಿದ್ರೆ ಈ ಪೈಪಿಗೆ ತಲುಪ್ತಿಲ್ಲ ಕಣೇ. ನಾಲ್ಕು ಬೆರಳು ಕಮ್ಮಿ ಬಿತ್ತು.”

“ನನ್ನೊಬ್ಬಳನ್ನೇ ಗಾಡಿ ಮೇಲೆ ಕೂರಿಸಿ ಅಳತೆ ತಗೊಂಡ್ರಿ. ಮುಂದೆ ನೀವೂ ಕೂರ್ತೀರ ಅನ್ನೋದೇ ಮರೆತ್ರಿ. ನಿಮ್ಮ ಈ ಮೈಗೆ ಜಾಗ ಬೇಡ್ವಾ?”

“ಉದ್ದದ್ದು ಹಾಕ್ತೀನಿ ಬಿಡು.”

“ಹಿಂಗೇ ಮೂರು ವಾರ ಆಯ್ತು.”

“ಅವಸರ ಏನೀಗ? ಬಸ್ಸಿದೆಯಲ್ಲ.”

“ಎರಡು ವರ್ಷದಿಂದ ಅದೇ ಬಸ್ಸು.”

ಅವನು ಕ್ಲ್ಯಾಂಪಿನ ಬೋಲ್ಟನ್ನು ಸುಮ್ಮನೆ ತಿರುಗಿಸಿದ.

“ನಂಗೆ ಭಯ ಕಣೇ. ಅವತ್ತು ಗಾಡಿಯಿಂದ ನಿನ್ನ ಬೀಳಿಸಿದ್ದು ನಾನೇ ತಾನೇ.”

“ಇಬ್ರೂ ಬಿದ್ವಿ. ನಾನು ಏಳೋದು ಸ್ವಲ್ಪ ತಡ ಆಯ್ತು, ಅಷ್ಟೇ.”

“ಬಸ್ಸಲ್ಲೂ ನಿನ್ನ ಪಕ್ಕದಲ್ಲೇ ಕೂರ್ತೀನಲ್ಲ.”

“ಪಕ್ಕದಲ್ಲಿ ಕೂತ್ರೆ ನಿಮ್ಮ ಬೆನ್ನಿಗೆ ಕೆನ್ನೆ ಇಡಕ್ಕಾಗತ್ತಾ?”

ಅಂಗಡಿಯವನು ಪೈಪು ಎಷ್ಟುದ್ದ ಬೇಕೆಂದು ಕೇಳಿದ. ಗಂಡ ಬೆರಳಿನಲ್ಲಿ ಅಳೆದು ತೋರಿಸಿ, “ಈಗಲೇ ಕತ್ತರಿಸಿಕೊಡಿ, ಸಂಜೆಗೆ ಬೇಕು” ಎಂದ.

ಹೋಗುವಾಗ ಅಂಗಡಿಯ ಮೆಟ್ಟಿಲಿಂದ ಅವಳನ್ನು ಇಳಿಸಲು ಅವನು ಕೈ ಚಾಚಲಿಲ್ಲ. ಒಂದು ಮೆಟ್ಟಿಲು ಕೆಳಗಿಳಿದು, ಬೆನ್ನು ಕೊಟ್ಟು ನಿಂತ. ಅವಳು ಅವನ ಹೆಗಲು ಹಿಡಿದು, ಆತುರವೇ ಇಲ್ಲದೆ ಇಳಿದಳು.