ದೋಣ್ಯಾಗೆ ಬ್ಯಾಟ್ರಿ ಎಲ್ಲಿಡೋದು

...ಇಲ್ಲ ಇಲ್ಲ, ಮೊದ್ಲು ಬಂದಿದ್ದು ಮೋಟ್ರಲ್ಲ ಕಣ್ರಲಾ, ಮೊದ್ಲು ಬಂದಿದ್ದು ನನ್ ಮಂಡಿನೋವು. ಅದಿಲ್ದಿದ್ರೆ ನಿಮ್ ತಾತ ಮೋಟ್ರನ್ನ ದೋಣಿ ಹತ್ರಕ್ಕೂ ಸೇರಿಸ್ತಿರ್ಲಿಲ್ಲ. ನಿಮ್ಗೆ ಗೊತ್ತಲ್ವಾ, ಈ ಮೇಟೂರ್ ಡ್ಯಾಮ್ ನೀರ್ನಾಗೆ ಮೀನು ಹಿಡಿಯೋದು ಗಂಡ ಹೆಂಡ್ತಿ ಸೇರಿ ಮಾಡೋ ಕೆಲ್ಸ. ಒಬ್ರು ಹುಟ್ಟು ಹಾಕ್ಬೇಕು, ಒಬ್ರು ಬಲೆ ಬಿಡ್ಬೇಕು. ನಾನು ಮುಂದೆ ಕಾಲು ಮಡಿಸ್ಕೊಂಡು ಕುಂತು ಹುಟ್ಟು ಹಾಕೋಳು, ಅವ್ರು ಹಿಂದೆ ಬಲೆ ಬಿಡೋರು. ಮದ್ವೆ ಆದ ವರ್ಸದಿಂದ ಹಂಗೇ. ಆಗ ಪರಿಸಲು, ಅದೇ ಬಿದಿರಿನ ಗುಂಡು ದೋಣಿ. ಈ ಫೈಬರ್ ದೋಣಿ ಎಲ್ಲಾ ಆಮೇಲೆ ಬಂದಿದ್ದು. ನಿಮ್ಮವ್ವ ಕೂಸಾಗಿದ್ದಾಗ ನನ್ ಮಡಿಲಾಗೇ ಮಲಗೋಳು, ಆಡಿ ತಿಂಗ್ಳ, ಅದೇ ಆಷಾಢದ ಗಾಳಿ ಮುಖಕ್ಕೆ ನೀರು ಎರಚಿದ್ರೂ ಏಳ್ತಿರ್ಲಿಲ್ಲ. ಈಗ ನೋಡು, ಫ್ಯಾನ್ ನಿಂತ್ರೆ ಎದ್ದು ಕೂರ್ತಾಳೆ. ಏನು ಹೇಳ್ತಿದ್ದೆ? ಹಾಂ. ಡ್ಯಾಮ್ ಬತ್ತಿದ ವರ್ಸ ಪರಿಸಲು ತಲೆ ಮೇಲೆ ಹೊತ್ಕೊಂಡು ಕೆಸರಾಗೆ ನಡೆದು ನೀರು ಹುಡುಕಿದ್ದೀವಿ. ಬರೀ ಕೈಲಿ ಬಂದು ರಾಗಿ ಹಿಟ್ಟಿಗೆ ಉಪ್ಪು ಮೆಣಸಿನಕಾಯಿ ನಂಚ್ಕೊಂಡು ತಿಂದಿದ್ದೀವಿ. ಅದು ಕಷ್ಟ ಅಂತ ನಂಗೆ ಯಾವತ್ತೂ ಅನಿಸ್ಲಿಲ್ಲ, ಇಬ್ರೂ ಒಂದೇ ದೋಣ್ಯಾಗೆ ಇದ್ವಲ್ಲಾ. ನನ್ ಕಷ್ಟ ಕಾಲ ಅಂದ್ರೆ ಮಂಡಿ ಕೈಕೊಟ್ಟಿದ್ದು, ಮೇಟೂರ್ ಡಾಕ್ಟ್ರು "ಅಮ್ಮಾ, ಇನ್ನು ಕಾಲು ಮಡಿಸಿ ನೆಲದ ಮೇಲೆ ಕೂರಲೇಬಾರ್ದು" ಅಂದಿದ್ದು, ಅವತ್ತಿಂದ ಶುರು.

ಕಾಲು ಮಡಿಸ್ದೆ ದೋಣ್ಯಾಗೆ ಎಲ್ಲಿ ಕೂರ್ಲಿ? ನಾನು ಮನೇಲುಳಿದೆ. ನಿಮ್ ತಾತ ಒಬ್ರೇ ಹೋದ್ರು. ಹುಟ್ಟು ಹಾಕಿದ್ರೆ ಬಲೆ ಸಿಕ್ಕಾಕ್ಕೊಳ್ತಿತ್ತು, ಬಲೆ ಬಿಡಿಸೋಕೆ ಹೋದ್ರೆ ಗಾಳಿ ದೋಣೀನ ಸುತ್ತಿಸ್ತಿತ್ತು. ಅವ್ರ ತಮ್ಮನ ಮಗ ನಾನು ಬರ್ತೀನಿ ದೊಡ್ಡಪ್ಪ ಅಂದ. "ವೇಣಾಂಪ್ಪಾ, ನಿಂಗೆ ನನ್ ಕೈ ಗೊತ್ತಾಗಲ್ಲ" ಅಂತ ಬ್ಯಾಡ ಅಂದ್ಬಿಟ್ರು. ಆಮೇಲೆ ಓಗೋದನ್ನೇ ಬಿಟ್ರು. ಈ ಜಗಲಿ ಮೇಲೆ ಕುಂತು ಹರಿದೇ ಇಲ್ದಿರೋ ಬಲೇನ ಹೊಲಿಯೋರು. ಒಂದಿನ ಸೇಲಂನಾಗೆ ಯಾವ್ದೋ ಮಿಲ್ಲಿಗೆ ವಾಚ್‌ಮನ್ ಕೆಲ್ಸಕ್ಕೆ ಓಗ್ತೀನಿ ಅಂದ್ರು. ನೀರು ಬಿಟ್ಟು ಬದುಕೋ ಮನುಷ್ಯನಾ ಅವ್ರು? ನನ್ ಕಾಲಿಂದ ಇವ್ರ ಬಾಳು ನಿಂತೋಯ್ತಲ್ಲಪ್ಪಾ ಅಂತ ನಾನು ಒಲೆ ಮುಂದೆ ಅಳ್ತಿದ್ದೆ. ಹೊಗೆ ಅಂತ ಹೇಳೋದು, ಗ್ಯಾಸ್ ಒಲೇಲಿ ಎಲ್ಲೈತೆ ಹೊಗೆ.

"ಅಪ್ಪುರಂ ಎನ್ನಾಚ್ಚು ಪಾಟಿ" ಅಂತೀಯಾ? ಆಮೇಲೆ ಏನಾಯ್ತು ಅಜ್ಜಿ ಅಂತ ಕನ್ನಡದಾಗೆ ಕೇಳ್ಲಾ, ನಾಲ್ಗೆ ಸವೆಯಲ್ಲ. ಆಮೇಲೆ ನಿಮ್ಮಪ್ಪ ಬಂದ. ಅವ್ನಿಗೆ ಕೊಳತ್ತೂರ್ನಾಗೆ ಇನ್ವರ್ಟರ್ ಅಂಗ್ಡಿ ಅಲ್ವಾ, "ಮಾವ, ದೋಣಿಗೆ ಬ್ಯಾಟ್ರಿ ಮೋಟ್ರು ಹಾಕಣ, ಹುಟ್ಟೇ ಬ್ಯಾಡ" ಅಂದ. ಅಂಗಳದಾಗೆ ನನ್ ರಂಗೋಲಿ ಡಬ್ಬಿ ತಗೊಂಡು ದೋಣಿ ಎಷ್ಟುದ್ದ ಐತೋ ಅಷ್ಟುದ್ದ ಬರೆದ. ಹಿಂದೆ ಮೋಟ್ರು ಅಂತ ಒಂದು ಚೊಂಬು ಇಟ್ಟ. ನಿಮ್ ತಾತನ್ನ ಅದ್ರ ಪಕ್ಕ ಕೂರಿಸ್ದ. "ಬ್ಯಾಟ್ರಿ ಲಾರಿಗೆ ಹಾಕ್ತಾರಲ್ಲ ಅಂಥದ್ದು, ಒಳ್ಳೆ ತೂಕ. ಅದನ್ನೂ ಹಿಂದೆ ಇಟ್ರೆ ದೋಣಿ ಮೂತಿ ಎತ್ಕೊಂಡು ನಿಲ್ತದೆ, ಮುಂದೆ ಇಡ್ಬೇಕು" ಅಂತ ಎರಡು ಇಟ್ಟಿಗೆ ತಂದು ಮುಂದೆ ಇಟ್ಟ.

ನಾನು ಕೂರೋ ಜಾಗದಾಗೆ.

ನಿಮ್ ತಾತ ಇಟ್ಟಿಗೆ ನೋಡಿದ್ರು. "ಅಲ್ಲಿ ಬ್ಯಾಡ" ಅಂದ್ರು. ಯಾಕೆ ಮಾವ ಅಂದ್ರೆ "ಬ್ಯಾಡ ಅಂದ್ರೆ ಬ್ಯಾಡ, ಅದು ಅವಳ ಜಾಗ" ಅಂದ್ರು. ನನ್ನ ಪರವಾಗಿ ಅಷ್ಟು ಮಾತಾಡಿದೋರೇ ಅಲ್ಲ ಅವ್ರು, ಅಳಿಯನ ಮುಂದೆ ಬೇರೆ. ಆದ್ರೂ ಏನ್ಮಾಡ್ಲಿ, ದೋಣಿ ನೀರಿಗಿಳೀಬೇಕಲ್ಲ. "ನಾನಿನ್ನೆಲ್ಲಿ ಬಂದು ಕೂರ್ತೀನಿ? ಅಲ್ಲೇ ಇಡಪ್ಪಾ" ಅಂದೆ. ಅಂದ್ಬಿಟ್ಟು ಒಳಗೋದೆ. ಅವ್ರು ಟವಲ್ ಹೆಗಲ ಮೇಲೆ ಹಾಕ್ಕೊಂಡು ಎಲ್ಲಿಗೋ ಹೊಂಟೋದ್ರು.

ಪಾಪ ನಿಮ್ಮಪ್ಪ, ಮಾವ ಇಲ್ಲ ಅಂತ ಉಳಿದ ಪ್ಲ್ಯಾನ್ ಎಲ್ಲಾ ನಂಗೆ ಹೇಳ್ದ. ಬ್ಯಾಟ್ರಿ ಪಕ್ಕದಾಗೇ ಫ್ಯೂಸ್ ಇರ್ಬೇಕಂತೆ. ಮುಂದಿಂದ ಹಿಂದಕ್ಕೆ ದೂರ ಅಲ್ವಾ, ವಯರು ದಪ್ಪ ಬೇಕು, ಸಣ್ಣದಾದ್ರೆ ಬಿಸಿ ಆಗ್ತದೆ. ದೋಣಿ ತಳದಾಗೆ ನೀರು ನಿಲ್ತದೆ, ಅದಕ್ಕೆ ವಯರು ಪಕ್ಕದ ಅಂಚಿನ ಮೇಲೇ ಓಗ್ಬೇಕು. ಬ್ಯಾಟ್ರೀನ ಮರದ ಪೆಟ್ಟಿಗೇಲಿಟ್ಟು ಅಲ್ಲಾಡ್ದಂಗೆ ಕಟ್ಬೇಕು, ಗ್ಯಾಸು ಹೋಗೋಕೆ ಪೆಟ್ಟಿಗೆಗೆ ತೂತು ಬಿಡ್ಬೇಕು. "ಅತ್ತೆ, ಮುಖ್ಯ ಇದು ಕೇಳಿ, ಚಾರ್ಜ್ ಅರ್ಧ ಖಾಲಿ ಆಗೋ ಮುಂಚೆನೇ ದೋಣಿ ತಿರುಗಿಸ್ಬೇಕು, ಬರೋವಾಗ ಗಾಳಿ ಎದುರಾದ್ರೆ ಜಾಸ್ತಿ ಎಳೀತದೆ." ಸರಿಪ್ಪಾ ಅಂದೆ. ಊಟಕ್ಕೆ ಬಂದಾಗ ಅವ್ರಿಗೆ ಎಲ್ಲಾ ಒಪ್ಪಿಸ್ದೆ. ತಲೆ ಎತ್ತಲಿಲ್ಲ, "ಪೆಟ್ಟಿಗೆ ನಾನ್ ಮಾಡಿಸ್ತೀನಿ" ಅಂದ್ರು, ಅಷ್ಟೇ. ಆ ವಾರ ಪೂರಾ ನನ್ ಹತ್ರ ಮಾತಿಲ್ಲ ಕತೆಯಿಲ್ಲ. ಕೋಪ ಅಂದ್ಕೊಂಡೆ. ಇರ್ಲಿ ಬಿಡು, ದೋಣಿ ಓಡಿದ್ರೆ ಸಾಕು ಅಂದ್ಕೊಂಡೆ.

ಒಂದಿನ ನಿಮ್ ತಾತ ಕೊಳತ್ತೂರ್ ಬಸ್ಸಿಂದ ಇಳೀತಾವ್ರೆ, ಪೆಟ್ಟಿಗೆ ಇಳಿಸೋಕೆ ಇಬ್ರು. ಕಂಡಕ್ಟರ್ ಬೈತಾವ್ನೆ, "ಪೆರಿಯವರೇ, ಇದುಕ್ಕು ಒರು ಸೀಟು ವೇಣುಮೇ" ಅಂತ, ಇದಕ್ಕೇ ಒಂದು ಸೀಟು ಬೇಕಲ್ಲಾ ದೊಡ್ಡೋರೇ ಅಂತ. ನಿಮ್ಮಪ್ಪ ಓಡಿ ಬಂದು ನೋಡ್ದ. "ಅಯ್ಯೋ ಮಾವ, ಬ್ಯಾಟ್ರಿಗೆ ಇದ್ರಾಗೆ ಅರ್ಧ ಸಾಕು. ಇಷ್ಟಗಲ ಯಾಕೆ? ಮುಚ್ಚಳಕ್ಕೆ ಇಷ್ಟು ದಪ್ಪ ಹಲಗೆ ಯಾಕೆ?" ತಾತ ಪೆಟ್ಟಿಗೇನ ದೋಣಿ ಹತ್ರ ಹೊರಿಸ್ಕೊಂಡು ಓಗಿ ನನ್ ಜಾಗದಾಗೆ ಇಟ್ಟು, ಹೆಗಲ ಮೇಲಿನ ಟವಲ್ ಮಡಿಸಿ ಮುಚ್ಚಳದ ಮೇಲೆ ಹಾಸಿ, "ಲೇ, ಬಾ ಇಲ್ಲಿ, ಕೂತ್ಕೋ" ಅಂದ್ರು.

ಕೂತ್ಕೊಂಡೆ. ಕಾಲು ನೀಡ್ಕೊಂಡೇ ಕೂತ್ಕೊಂಡೆ ಕಣ್ರಲಾ, ಮಂಡಿ ಮಡಿಸ್ಲೇ ಇಲ್ಲ. ಈ ಜಗಲಿ ಮೆಟ್ಲು ಐತಲ್ಲಾ, ದಿನಾ ನಾನು ನೋವಿಲ್ದೆ ಕೂರೋದು, ಅದ್ರ ಎತ್ತರಾನ ನಾನು ಕಾಣ್ದಂಗೆ ಹಗ್ಗದಾಗೆ ಅಳ್ಕೊಂಡು ಓಗಿ ಮರಗೆಲ್ಸದ ಆಚಾರಿಗೆ ಕೊಟ್ಟಿದ್ರಂತೆ. ನಾನು ಕೋಪ ಅಂದ್ಕೊಂಡಿದ್ದ ವಾರ ಪೂರಾ ಆಚಾರಿ ಮುಂದೆ ಕುಂತಿದ್ರಂತೆ. "ಹುಟ್ಟು ಹಾಕೋ ಕೆಲ್ಸ ಮೋಟ್ರು ಮಾಡ್ತದೆ. ನೀನು ಸುಮ್ನೆ ಕುಂತು ಬಾ" ಅಂದ್ರು. ನಿಮ್ಮಪ್ಪ ನಗಾಡ್ತಾ "ಅತ್ತೆ ತೂಕಾನೂ ಮುಂದೆ ಬಿದ್ರೆ ದೋಣಿ ಇನ್ನೂ ಸಮ ಆಗ್ತದೆ" ಅಂದ. ನಾನು ಅತ್ಬಿಟ್ಟೆ. ಎಲ್ರ ಮುಂದೇನೇ ಅತ್ಬಿಟ್ಟೆ, ಯಾವ ಹೊಗೆನೂ ಇರ್ಲಿಲ್ಲ.

ಅದಕ್ಕೇ ಹೇಳ್ತೀನಿ, ನಾಳೆ ನೀವು ಓದಿ ಎಂಥಾ ಮಿಸಿನ್ ಬೇಕಾದ್ರೂ ಮಾಡಿ, ವಯರು ಎಳೆಯೋ ಮುಂಚೆ ಮನೆಯೋರು ಎಲ್ಲಿ ಕೂರ್ತಾರೆ ಅಂತ ನೋಡ್ಕೊಳ್ಳಿ. ಹೂಂ, ಏಳಿ, ಕೈ ತೊಳ್ಕೊಳ್ಳಿ, ಸಾರು ಆರೋಗ್ತದೆ.